ದನಿಯ ಎಂಜಲು

ಮಿಮಿಕ್ರಿ ಮಾಡುವವರ ಎದುರು ಮೊದಲ ಸಾಲಿನಲ್ಲಿ ಕೂತವರಿಗೆಲ್ಲ ಗೊತ್ತಿರುವ, ಆದರೆ ದಾಕ್ಷಿಣ್ಯಕ್ಕೆ ಯಾರೂ ಹೇಳದ ಸಂಗತಿಯೊಂದಿದೆ: ನಾವು ಉಗುಳು ಹಾರಿಸುತ್ತೇವೆ. ಬೇಕೆಂದಲ್ಲ. ಬೋರ್‌ವೆಲ್ ಮೋಟಾರಿನ ಸದ್ದು ತುಟಿ ನಡುಗದೆ ಹೊರಡುವುದಿಲ್ಲ. ತುಟಿ ನಡುಗಿದರೆ ನೀರು ಬಂದೇ ಬರುತ್ತದೆ. ನಮ್ಮ ಕಡೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಬರದ ನೀರು ನನ್ನ ಬಾಯಲ್ಲಿ ಬರುತ್ತದೆ ಎಂದು ನಾನು ಬೀಗುತ್ತಿದ್ದೆ, ಅಕ್ಕನಿಗೆ ಮಗಳು ಹುಟ್ಟುವವರೆಗೆ.

ನನ್ನ ದನಿಯನ್ನು ನೀವು ಕೇಳಿರುತ್ತೀರಿ. ಕಡೂರು, ತರೀಕೆರೆ, ಅಜ್ಜಂಪುರದ ಬೀದಿಗಳಲ್ಲಿ ಆಟೋ ಮೇಲೆ ಕಟ್ಟಿದ ಮೈಕು "ಇಂದೇ ಕೊನೆಯ ದಿನ, ಇಂದೇ ಕೊನೆಯ ದಿನ" ಎಂದು ವಾರಗಟ್ಟಲೆ ಸೀರೆ ಮಾರುತ್ತಿದ್ದರೆ ಆ ಸುಳ್ಳು ನನ್ನದು. ಊರವರ ದನಿಗಳೆಲ್ಲ ನನ್ನ ಗಂಟಲಲ್ಲಿ ಬಾಡಿಗೆಗಿವೆ. ಅದರಲ್ಲಿ ಸ್ವಂತ ಮನೆ ಮಾಡಿಕೊಂಡಿರುವುದು ಅಜ್ಜಿಯ ದನಿ. ಅಜ್ಜಿ ಎಂದರೆ ನನ್ನ ಅಪ್ಪನ ತಾಯಿ. ಒಣಗಿದ ತೆಂಗಿನ ಗರಿಯನ್ನು ಅಂಗಳದಲ್ಲಿ ಎಳೆದ ಹಾಗಿನ ಆ ದನಿಗೆ ನಮ್ಮ ಮನೆಯಲ್ಲಿ ಸರ್ಕಾರಿ ಆದೇಶದ ಬೆಲೆ.

ಪಾಪು ಅವಸರ ಮಾಡಿಕೊಂಡು ತಿಂಗಳು ತುಂಬುವ ಮೊದಲೇ ಬಂದುಬಿಟ್ಟಳು. ತರೀಕೆರೆಯ ಆಸ್ಪತ್ರೆಯಲ್ಲಿ ಅವಳನ್ನು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಪಂಚನಹಳ್ಳಿಯಲ್ಲಿ ತೆಂಗಿನ ತೋಟ ಮಾಡಿಕೊಂಡಿರುವ ನನ್ನ ದೊಡ್ಡಪ್ಪ, ಅಜ್ಜಿಯ ಹಿರಿಮಗ, ಫೋನಿನಲ್ಲಿ ತೂಕ ಕೇಳಿ, ಮನಸ್ಸಿನಲ್ಲೇ ಲೆಕ್ಕ ಹಾಕಿ, "ಸುಲೀದೇ ಇರೋ ಎರಡು ಕಾಯಿಗೂ ಒಂಚೂರು ಕಮ್ಮಿನೇ ಕಣ್ರೋ" ಅಂದಿದ್ದರು. ಅಕ್ಕ ಗಾಜಿನ ಆಚೆ ನಿಂತು, ಮುಟ್ಟಲಾಗದ ಮಗಳನ್ನು ನೋಡುತ್ತ ದಿನ ಕಳೆದಳು. ಮನೆಗೆ ಕಳಿಸುವಾಗ ಡಾಕ್ಟರಮ್ಮ ಹೇಳಿದ್ದು ಒಂದೇ ಮಾತು: "ತೂಕ ಬರೋವರೆಗೂ ಮಗುಗೆ ಒಂದು ನೆಗಡಿನೂ ತಗುಲಬಾರದು. ತಗುಲಿದ್ರೆ ವಾಪಸ್ ಪೆಟ್ಟಿಗೆಗೇ." ಅಕ್ಕ ಆ ಮಾತನ್ನು ಮಗುವಿನ ಜೊತೆಗೇ ಬಟ್ಟೆಯಲ್ಲಿ ಸುತ್ತಿಕೊಂಡು ಅಜ್ಜಂಪುರದ ನಮ್ಮ ಮನೆಗೆ ಬಂದಳು.

ಸೋದರಮಾವನಾದ ನಾನು ಸುಮ್ಮನಿರಲಾದೀತೇ? ಒಂದು ಡಬ್ಬಿ ಫಿನಾಯಿಲನ್ನು ನೀರಿಗೆ ಅಷ್ಟೇನೂ ಬೆರೆಸದೆ ನೆಲಕ್ಕೆ ಉಜ್ಜಿದೆ. ಇರುವೆಗಳು ಸಂಸಾರ ಸಮೇತ ಪಕ್ಕದ ಮನೆಗೆ ಹೋದವು. ಮನೆಯವರ ಕಣ್ಣಲ್ಲೆಲ್ಲ ನೀರು. ಅಕ್ಕ ಮಗುವನ್ನೆತ್ತಿಕೊಂಡು ಜಗುಲಿಗೆ ಓಡಿದಳು. "ಆಸ್ಪತ್ರೆಯಿಂದ ಬಂದಿದ್ದು ಸಾಕಾಗ್ಲಿಲ್ಲ ಅಂತ ಆಸ್ಪತ್ರೆನೇ ಮನೆಗೆ ತಂದ್ಯಾ? ಕ್ರಿಮಿ ಸಾಯೋಕ್ ಮುಂಚೆ ನಾವ್ ಸಾಯ್ತೀವಿ ಕಣೋ," ಅಂದಳು.

ಮಾಡಿದ್ದನ್ನು ಸರಿಪಡಿಸಲು ಮಗುವನ್ನು ನಗಿಸುವ ಕೆಲಸಕ್ಕೆ ಇಳಿದೆ. ಬಗ್ಗಿ, ಅದರ ಮುಖದ ಹತ್ತಿರ ನನ್ನ ಪ್ರಸಿದ್ಧ ಮೋಟಾರನ್ನು ಸ್ಟಾರ್ಟ್ ಮಾಡಿದೆ. ಅಕ್ಕ ನನ್ನ ಕಾಲರ್ ಹಿಡಿದು ಹಿಂದಕ್ಕೆಳೆದಳು. "ಮೋಟ್ರು ಸರಿ, ನೀರ್ಯಾಕೋ ಬಿಡ್ತೀಯ ಮಗು ಮೇಲೆ?" ಅಂದು ಹೊಸ್ತಿಲಾಚೆ ನನಗೊಂದು ಗಡಿ ಹಾಕಿದಳು. ಅಲ್ಲಿಂದ ಮುಂದಿನ ಪ್ರದರ್ಶನಗಳೆಲ್ಲ ಹೊಸ್ತಿಲಾಚೆಯಿಂದ, ಮಾಸ್ಕ್ ಹಾಕಿಕೊಂಡು. ಮಾಸ್ಕ್ ಹಾಕಿಕೊಂಡು ಮಾಡುವ ಮಿಮಿಕ್ರಿಯಲ್ಲಿ ಹುಂಜ, ರೈಲು, ಮಾಜಿ ಮಂತ್ರಿ ಎಲ್ಲರೂ ಕಂಬಳಿ ಹೊದ್ದು ಮಲಗಿದ ಒಬ್ಬನೇ ಮನುಷ್ಯನ ಹಾಗೆ ಕೇಳಿಸುತ್ತಾರೆ.

ಅಜ್ಜಿಗೆ ಇದೆಲ್ಲ ಕಂಡು ಒಳಗೊಳಗೇ ಖುಷಿ. ಎಂಜಲು ಎಂಬ ಪದ ಅವಳ ಬಾಯಲ್ಲಿ ದಿನಕ್ಕೆ ಎಷ್ಟು ಸಲ ಬರುತ್ತದೋ, ಅಷ್ಟು ಸಲ ಅನ್ನವೂ ಒಳಗೆ ಹೋಗುವುದಿಲ್ಲ. ಚೊಂಬಿಗೆ ತುಟಿ ತಾಗಿಸಿದರೆ ಎಂಜಲು, ಸೌಟಿನಲ್ಲಿ ರುಚಿ ನೋಡಿದರೆ ಎಂಜಲು, ಉಂಡ ಕೈಯಲ್ಲಿ ಉಪ್ಪಿನ ಡಬ್ಬಿ ಮುಟ್ಟಿದರೆ ಡಬ್ಬಿ ಪೂರ್ತಿ ಎಂಜಲು. ಇದೆಲ್ಲ ಗೊಡ್ಡು ಆಚಾರ ಎಂದು ನಾನೂ ಅಕ್ಕನೂ ವರ್ಷಗಟ್ಟಲೆ ನಕ್ಕಿದ್ದೆವು. ಈಗ ಡಾಕ್ಟರಮ್ಮ ಹೇಳಿದ್ದನ್ನು ಅಕ್ಕ ವಿವರಿಸುತ್ತಿದ್ದರೆ ಅಜ್ಜಿ ಗೋಡೆಗೊರಗಿ ಕೂತು, "ಇಷ್ಟು ಹೇಳೋಕೆ ಅಷ್ಟು ಓದ್ಬೇಕಿತ್ತಾ ಆಯಮ್ಮ?" ಅನ್ನುತ್ತಿದ್ದಳು.

ಆದರೆ ಆ ಗೆಲುವು ಹೆಚ್ಚು ಹೊತ್ತು ಉಳಿಯಲಿಲ್ಲ. ಅಜ್ಜಿಯ ಸೆರಗಿಗೆ ಕುತ್ತು ಬಂತು. ಆ ಸೆರಗಿನ ಇತಿಹಾಸ ದೊಡ್ಡದು. ಒಲೆಯ ಮೇಲಿನ ಪಾತ್ರೆ ಇಳಿಸುವುದು ಅದರಲ್ಲೇ, ಲೋಟ ಒರೆಸುವುದು ಅದರಲ್ಲೇ, ನನ್ನ ಇಡೀ ಬಾಲ್ಯದ ಮೂಗು ಒರೆಸಿದ್ದೂ ಅದರಲ್ಲೇ. ಅದೇ ಸೆರಗು ಪಾಪುವಿನ ಬಾಯತ್ತ ಹೊರಟಾಗ ಅಕ್ಕ ಕೈ ಅಡ್ಡ ಹಿಡಿದಳು. ಸಾಂಬ್ರಾಣಿ ಹೊಗೆಯೂ ಬೇಡವೆಂದಳು. ಬರೀ ನೀರಲ್ಲಿ ಕೈ ತೊಳೆದರೆ ಸಾಲದು, ಸೋಪು ಬೇಕೆಂದಳು. ಅಜ್ಜಿಯ ಪ್ರಕಾರ ಸೋಪು ಹಬ್ಬದ ಹಿಂದಿನ ದಿನ ಮೈಗೆ ಹಚ್ಚುವ ವಸ್ತು. ಒಂದು ಹೊತ್ತು ಊಟ ಬಿಟ್ಟಳು. ಸಂಜೆ ನೋಡಿದರೆ ಬಚ್ಚಲಲ್ಲಿ ಬಹಳ ಹೊತ್ತು ನೀರಿನ ಸದ್ದು. ಹೊರಗೆ ಬಂದವಳ ಕೈ ಮಲ್ಲಿಗೆ ಪರಿಮಳ ಬೀರುತ್ತಿತ್ತು. ನಾವ್ಯಾರೂ ಅದನ್ನು ಗಮನಿಸಲಿಲ್ಲವೆಂದು ನಟಿಸಿದೆವು. ನಮ್ಮ ಮನೆಯಲ್ಲಿ ನಟನೆ ನನಗೊಬ್ಬನಿಗೇ ಬರುವ ವಿದ್ಯೆಯಲ್ಲ.

ಹೀಗೆ ಎಂಜಲು ಮತ್ತು ಸೋಪು ರಾಜಿಯಾಗಿ, ಅಜ್ಜಿ ಬಾಗಿಲಲ್ಲಿ ಕೂತು, ಬಂದವರನ್ನೆಲ್ಲ "ಯಾರದು? ಕೈಕಾಲ್ ತೊಳ್ದ್ರಾ?" ಎಂದು ತಡೆದು ಕಳಿಸುತ್ತಿರಲು, ತೊಟ್ಟಿಲ ಶಾಸ್ತ್ರ ಬಂತು. ಮುಂದೆ ಹಾಕೋಣವೆಂದರೆ ಭಾವನ ಮನೆಯವರು ಒಪ್ಪಲಿಲ್ಲ. ಮುತ್ತಿಡುವುದು, ಕೈ ತೊಳೆಯದೆ ಮುಟ್ಟುವುದು ಎರಡೂ ಇಲ್ಲದಿದ್ದರೆ ಮನೆಮಟ್ಟಿಗೆ ಮಾಡಿಕೊಳ್ಳಿ ಎಂದರು ಡಾಕ್ಟರಮ್ಮ. ಬಾಗಿಲಲ್ಲಿ ಅಜ್ಜಿ ಇದ್ದಾಳಲ್ಲ ಎಂದು ನಾವು ಧೈರ್ಯವಾಗಿದ್ದೆವು. ಹಿಂದಿನ ದಿನ ಅಜ್ಜಿಗೇ ನೆಗಡಿ ಬಂತು.

ನೆಗಡಿ ಅಂದರೆ ಸಾಮಾನ್ಯವಾದದ್ದಲ್ಲ, ಗಂಟಲು ಪೂರ್ತಿ ಕಟ್ಟಿತು. ಬಾಯಿ ತೆರೆದರೆ ಬರೀ ಗಾಳಿ. ಯಾರೂ ಹೇಳುವ ಮೊದಲೇ ಶಾಲು ಸುತ್ತಿಕೊಂಡು ಹಿತ್ತಲ ಕೋಣೆ ಸೇರಿ, ನನ್ನ ಹತ್ತಿರ ಬರಬೇಡಿ ಎಂದು ಕೈಸನ್ನೆ ಮಾಡಿ ಬಾಗಿಲು ಹಾಕಿಕೊಂಡಳು. ಅಕ್ಕನ ಮುಖ ಬಿಳಿಚಿತು. "ಈಗ ಅವ್ರನ್ನೆಲ್ಲ ಯಾರೋ ತಡೀತಾರೆ?" ಅಂದಳು. ಅಮ್ಮ ತಡೆಯುವವಳಲ್ಲ, ಅವಳು ಹಾವು ಬಂದರೂ "ಕಾಫಿ ಕುಡಿದು ಹೋಗಿ" ಅನ್ನುವ ಹೆಂಗಸು.

ಬರುವವರಲ್ಲಿ ಮುಖ್ಯ ಅಪಾಯ ದೊಡ್ಡಪ್ಪ. ಒಳ್ಳೆಯ ಮನುಷ್ಯ. ನಮ್ಮ ವಂಶದ ಒಂದು ಮಗುವೂ ಅವರ ಮುತ್ತಿನಿಂದ ತಪ್ಪಿಸಿಕೊಂಡಿಲ್ಲ. ಎಲೆಅಡಿಕೆ ತುಂಬಿದ ಬಾಯಿ, ಅದರ ಮೇಲೆ ತೆಂಗಿನ ನಾರಿನಂಥ ಮೀಸೆ. ಬೇಡ ಎಂದರೆ ಮುನಿಸು. ಆರಿದ ಕಾಫಿ ಕೊಟ್ಟರೆಂದು ಹಿರೇನಲ್ಲೂರಿನ ನೆಂಟರ ಮನೆಗೆ ವರ್ಷಗಟ್ಟಲೆ ಹೋಗದಿದ್ದ ಮನುಷ್ಯ ಅವರು.

ಶಾಸ್ತ್ರದ ದಿನ ಬೆಳಿಗ್ಗೆ ಬೈಕು ನಿಂತ ಸದ್ದಾಯಿತು. ಮುಂಬಾಗಿಲಲ್ಲಿ ಚಪ್ಪಲಿ ಬಿಟ್ಟು, "ಎಲ್ಲಿ ಕಣಮ್ಮಾ ನನ್ ಎರಡ್ ತೆಂಗಿನಕಾಯಿ?" ಎನ್ನುತ್ತ ದೊಡ್ಡಪ್ಪ ನೇರ ತೊಟ್ಟಿಲತ್ತ ನಡೆದರು. ಅಕ್ಕ ಮಗುವನ್ನು ಎದೆಗೆ ಒತ್ತಿ ಹಿಡಿದಳು. ಬೇಡವೆಂದರೆ ಮುನಿಸು, ಬೇಡವೆನ್ನದಿದ್ದರೆ ಮುತ್ತು. ನಾನು ಅಡುಗೆಮನೆಯ ಪರದೆಯ ಹಿಂದೆ ಕೋಸಂಬರಿಗೆ ಕಾಯಿ ತುರಿಯುತ್ತಿದ್ದೆ. ಯೋಚಿಸಲು ಸಮಯವಿರಲಿಲ್ಲ. ಮಾಸ್ಕ್ ಕೆಳಗೆಳೆದೆ.

"ಯಾರದು? ರಂಗನೇನೋ? ಬಾಯಲ್ಲಿ ಎಲೆಅಡಿಕೆ ಇಟ್ಕೊಂಡು ಎಲ್ಲಿಗ್ಲಾ ನುಗ್ತೀಯ?"

ಮೊಮ್ಮಕ್ಕಳಿರುವ ದೊಡ್ಡಪ್ಪ ನಿಂತಲ್ಲೇ ಚಡ್ಡಿ ಹಾಕುವ ವಯಸ್ಸಿಗೆ ಇಳಿದುಬಿಟ್ಟರು. "ಉಗ್ದು ಬತ್ತೀನಿ ಕಣವ್ವಾ," ಎಂದು ಬಚ್ಚಲಿಗೆ ಹೋದರು. ಬಾಯಿ ಮುಕ್ಕಳಿಸಿದ ಸದ್ದು. ಅಲ್ಲಿಂದಲೇ, "ತೊಳ್ಕಂಡೆ ಕಣವ್ವಾ."

ಗೆದ್ದ ಹುರುಪಿನಲ್ಲಿ ನಾನು, "ಸೋಪು?" ಅಂದೆ.

ಅಂದ ಮೇಲೆ ತಪ್ಪು ಹೊಳೆಯಿತು. ಹುಟ್ಟಿದಾಗಿನಿಂದ ದೊಡ್ಡಪ್ಪ ತಾಯಿಯ ಬಾಯಲ್ಲಿ ಕೇಳಿರದ ಪದ ಅದು. ಬಚ್ಚಲಲ್ಲಿ ನೀರಿನ ಸದ್ದು ನಿಂತಿತು. ನಾನು ತುರಿಯುವುದನ್ನು ನಿಲ್ಲಿಸಿದೆ. ಸ್ವಲ್ಪ ಹೊತ್ತಿಗೆ ಸೋಪಿನ ಡಬ್ಬಿಯ ಮುಚ್ಚಳ ಟಕ್ಕೆಂದಿತು.

ಆಮೇಲೆ ನನ್ನನ್ನು ಹಿಡಿಯುವವರಿರಲಿಲ್ಲ. ಪರದೆಯ ಹಿಂದಿನಿಂದ, ಸಂದಿಯಲ್ಲಿ ಇಣುಕುತ್ತ, ಇಡೀ ಶಾಸ್ತ್ರ ನಡೆಸಿದೆ. ಭಾವನ ಊರು ಬುಕ್ಕಾಂಬುಧಿಯಿಂದ ಬಂದ ಹೆಂಗಸರು ಸಾಲಾಗಿ ನಿಂತು ಕೈ ತೊಳೆದರು. ದೊಡ್ಡಪ್ಪ ಮುತ್ತಿಗೆ ಬಗ್ಗುವಾಗ, "ದೂರದಿಂದ್ಲೇ ನೆಟಿಕೆ ಮುರಿಯೋ, ದೃಷ್ಟಿಯಾದೀತು," ಎಂದೆ. ಅವರು ಎರಡೂ ಕೈಯನ್ನು ಕಿವಿಯ ಹತ್ತಿರ ಒಯ್ದು ಬೆರಳೆಲ್ಲ ಒಟ್ಟಿಗೆ ಲಟಲಟನೆ ಮುರಿದ ರಭಸಕ್ಕೆ ಪಾಪು ಕಣ್ಣು ಬಿಟ್ಟು ನೋಡಿತು. ಇನ್ನು ಕಿವಿಯಲ್ಲಿ ಹೆಸರು ಹೇಳುವ ಗಳಿಗೆ. ಸೋದರತ್ತೆ, ಅಂದರೆ ಭಾವನ ತಂಗಿ, ಮಗುವಿನ ಕೆನ್ನೆಗೆ ಬಾಯಿ ತಾಗುವಷ್ಟು ಬಗ್ಗಿದಾಗ ನನಗೆ ಹೊಳೆಯಿತು. "ವೀಳ್ಯದೆಲೆ ಸುತ್ಕೊಂಡು ಅದರೊಳಗಿಂದ ಹೇಳಮ್ಮಾ, ನಮ್ಮಲ್ಲಿ ಹಂಗೇ ಪದ್ಧತಿ."

ಅಂಥ ಪದ್ಧತಿ ನಮ್ಮಲ್ಲಿ ಆ ಕ್ಷಣದವರೆಗೆ ಇರಲಿಲ್ಲ. ಆದರೆ ಬುಕ್ಕಾಂಬುಧಿಯ ಹಿರಿಯ ಹೆಂಗಸೊಬ್ಬರು ತಲೆಯಾಡಿಸಿ, "ಹೌದ್ ಕಣ್ರೀ, ನಮ್ ಕಡೆನೂ ಹಂಗೇ," ಅಂದರು. ಸಂಪ್ರದಾಯವೊಂದು ಹುಟ್ಟುವುದನ್ನು ಕಂಡವರು ಕಡಿಮೆ. ಅದು ಹುಟ್ಟಿದ ಕೂಡಲೇ ಮುದಿಯಾದದ್ದನ್ನು ಕಂಡವನು ನಾನೊಬ್ಬನೇ ಇರಬೇಕು. ಎಲೆಯ ಕೊಳವೆಯೊಳಗಿಂದ ಹೆಸರು ಮಗುವಿನ ಕಿವಿ ಸೇರಿತು. ಪಾಪು ಸುಮಾ ಆಯಿತು.

ಊಟಕ್ಕೆ ಕೂತಾಗ ದೊಡ್ಡಪ್ಪ ನನ್ನ ಪಕ್ಕಕ್ಕೆ ಸರಿದು ಮೆಲ್ಲಗೆ, "ಅವ್ವ ಯಾವತ್ತೂ ಸೋಪು ಅಂದೋಳಲ್ಲ ಕಣ್ಲಾ," ಅಂದರು. "ಬಚ್ಚಲ ಕಿಟಕಿಯಿಂದ ನೋಡಿದ್ರೆ ಅವ್ವ ಹಿತ್ತಲ ಕೋಣೆ ಕಿಟಕೀಲಿ ಬಾಯಿ ಮುಚ್ಕೊಂಡು ಕೂತವ್ಳೆ, ಅವ್ಳ ದನಿ ಮಾತ್ರ ಅಡುಗೆಮನೇಲಿ ಬೈತಾ ಐತೆ. ನನ್ಗೆ ಕೈಕಾಲೇ ಆಡ್ಲಿಲ್ಲ."

"ಮತ್ತೆ?"

"ಅವ್ವ ನನ್ನ ನೋಡಿದ್ಲು. ಬೆರಳೆತ್ತಿ ಸೋಪು ತೋರ್ಸಿದ್ಲು. ಇನ್ನೇನ್ ಮಾಡ್ಲಿ, ತೊಳ್ಕಂಡೆ." ಹೇಳಿ ಪಾಯಸಕ್ಕೆ ಕೈ ಹಾಕಿದರು. ಮುನಿಸಿನ ಸುಳಿವೂ ಇರಲಿಲ್ಲ. ದನಿ ಮೊಮ್ಮಗನದ್ದಾದರೂ ಬೆರಳು ತಾಯಿಯದ್ದೇ ತಾನೇ.

ಪಾಪುವಿಗೆ ಆ ದಿನವೂ ನೆಗಡಿಯಾಗಲಿಲ್ಲ, ಆಮೇಲೂ ಆಗಲಿಲ್ಲ. ಮುಂದಿನ ಸಲ ತರೀಕೆರೆಯಲ್ಲಿ ತಕ್ಕಡಿಯ ಮೇಲೆ ಮಲಗಿಸಿದಾಗ ಡಾಕ್ಟರಮ್ಮ ನಕ್ಕರು. "ಇನ್ನು ಪೆಟ್ಟಿಗೆ ಭಯ ಬೇಡ," ಅಂದರು. ಅಕ್ಕ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಪಂಚನಹಳ್ಳಿಗೆ ಫೋನು ಮಾಡಿ, "ದೊಡ್ಡಪ್ಪಾ, ಮೂರು ಕಾಯಿ," ಎಂದಷ್ಟೇ ಹೇಳಿ ಅಳತೊಡಗಿದಳು. ಗಾಜಿನ ಮುಂದೆ ಅತ್ತ ಅಳುವಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಅಜ್ಜಿಯ ಗಂಟಲೂ ತೆರೆಯಿತು. ಸೋಪು ಹಚ್ಚಿ ಕೈ ತೊಳೆದು, ಒಗೆದ ಬಟ್ಟೆ ಹೆಗಲಿಗೆ ಹಾಕಿಕೊಂಡು, ಮೊಮ್ಮಗಳ ಮಗಳ ಮುಂದೆ ಕೂತು, "ಯಾರದು?" ಎಂದಳು. ಸುಮಾ ಕತ್ತು ತಿರುಗಿಸಿ, ಆ ದನಿಯ ಒಡೆಯ ನಾನೇ ಎಂಬಂತೆ, ಹೊಸ್ತಿಲಾಚೆ ನಿಂತಿದ್ದ ನನ್ನನ್ನು ನೋಡಿದಳು.

ಅಜ್ಜಿ ನನ್ನತ್ತ ತಿರುಗಿ, "ನನ್ ದನೀನೂ ಎಂಜಲು ಮಾಡಿಟ್ಟಿದೀಯಲ್ಲೋ ಮುಂಡೇದೇ," ಅಂದಳು.

ಆ ಮಾತು ಬೈಗುಳವಾಗಿ ಬಂದು ಯೋಚನೆಯಾಗಿ ಉಳಿದಿದೆ. ನನ್ನ ಕಸುಬೆಂದರೆ ಇನ್ನೊಬ್ಬರ ಬಾಯಿಂದ ಬಿದ್ದದ್ದನ್ನು ಎತ್ತಿ ನನ್ನ ಬಾಯಿಗೆ ಹಾಕಿಕೊಳ್ಳುವುದು. ಆದರೆ ಅಜ್ಜಿಯೇನು ಮಾತನ್ನು ಅಂಗಡಿಯಿಂದ ಹೊಸದಾಗಿ ತಂದಳೇ? ಅವಳ "ಯಾರದು" ಅವಳ ಅವ್ವನದ್ದಿರಬೇಕು, ಆ ಅವ್ವನಿಗೆ ಇನ್ಯಾರದ್ದೋ. ಮಾತೆಂಬುದು ಬಾಯಿಂದ ಬಾಯಿಗೆ ದಾಟದೆ ಬರುವುದೇ ಇಲ್ಲ. ಬಾಗಿಲು, ಕಿಟಕಿ, ಸೆರಗು, ಮೀಸೆ ಎಲ್ಲವನ್ನೂ ಕಾದೆವು. ಈ ಒಂದು ಸೋಂಕಿಗೆ ಮಾತ್ರ ವೀಳ್ಯದೆಲೆ ಸುತ್ತಿ ನಾವೇ ದಾರಿ ಮಾಡಿಕೊಟ್ಟೆವು.

ಈಗ ನನಗೆ ಹೊಸ್ತಿಲು ದಾಟಲು ಅಪ್ಪಣೆಯಾಗಿದೆ. ನಿನ್ನೆ ಬಗ್ಗಿ, ಮಾಸ್ಕಿನೊಳಗಿಂದಲೇ ಮೋಟಾರು ಸ್ಟಾರ್ಟ್ ಮಾಡಿದೆ. ಸುಮಾ ನನ್ನನ್ನೇ ದಿಟ್ಟಿಸಿ, ತುಟಿ ಸೇರಿಸಿ, ಬಹಳ ಕಷ್ಟಪಟ್ಟು, "ಬ್ರ್‌ರ್‌ರ್" ಎಂದಳು. ನೀರು ನನ್ನ ಕಣ್ಣಿನವರೆಗೂ ಹಾರಿತು. ಪಕ್ಕದಲ್ಲಿದ್ದ ಅಜ್ಜಿ ಸೆರಗು ಚಾಚಿದಳು. ಬೇಡವೆಂದು ತಲೆಯಾಡಿಸಿ, ಹಾಗೆಯೇ ಒಣಗಲು ಬಿಟ್ಟೆ. ಮೊದಲ ಸಾಲಿನಲ್ಲಿ ಕೂತವನಿಗೆ ಅಷ್ಟು ದಾಕ್ಷಿಣ್ಯವಾದರೂ ಬೇಡವೇ?