ಶಾಂತವ್ವನಿಗೆ ಬಡಿಸಿದ ಭಾನುವಾರ

1988ರಲ್ಲಿ ನಾನು ರಾಯಬಾಗ ತಾಲೂಕಿನ, ಕುಡಚಿಗೆ ಹತ್ತಿರದ ಒಂದು ಹಳ್ಳಿಯ ಕ್ರೈಸ್ತ ಸಭೆಗೆ ಪಾಸ್ಟರ್ ಆಗಿ ಹೋದೆ. ಸಭೆ ಎಂದರೆ ನಮ್ಮಲ್ಲಿ ಕಟ್ಟಡವಲ್ಲ, ಜನ. ಸುಮಾರು ಇಪ್ಪತ್ತು ಮನೆಯವರು, ಕೂಡಲು ಒಂದು ತಗಡಿನ ಮನೆ. ಸೆಮಿನರಿಯಲ್ಲಿ ದೇವರ ಕೃಪೆಯ ಬಗ್ಗೆ ದೊಡ್ಡ ಪ್ರಬಂಧ ಬರೆದು ಬಂದಿದ್ದ ನನಗೆ ಹೇಳುವುದು ಬಹಳ ಇತ್ತು. ಪ್ರಸಂಗ, ಅಂದರೆ ಆರಾಧನೆಯಲ್ಲಿ ನಾನು ಮಾಡುವ ಉಪದೇಶ, ಉದ್ದವಾಯಿತು ಎಂಬ ದೂರು ಮೊದಲ ತಿಂಗಳಲ್ಲೇ ಬಂತು, ನಿವೃತ್ತಿಯವರೆಗೂ ಬರುತ್ತಲೇ ಇತ್ತು.

ತಿಂಗಳ ಮೊದಲ ಭಾನುವಾರ ಪ್ರಭುಭೋಜನ. ಯೇಸು ಶಿಷ್ಯರೊಂದಿಗೆ ಮಾಡಿದ ಕಡೆಯ ಊಟವನ್ನು ನೆನೆದು, ರೊಟ್ಟಿ ಮುರಿದು ಹಂಚಿ, ದ್ರಾಕ್ಷಾರಸ ಕುಡಿಯುವ ಆರಾಧನೆ ಅದು. ಪಟ್ಟಣದ ಚರ್ಚುಗಳಲ್ಲಿ ತೆಳುವಾದ ಬಿಲ್ಲೆ ಕೊಡುತ್ತಾರೆ. ನಮ್ಮಲ್ಲಿ ಗೋಧಿ ಚಪಾತಿ, ಜೊತೆಗೆ ಅಥಣಿ ಕಡೆಯ ಒಣದ್ರಾಕ್ಷಿ ನೆನೆಸಿ ಕಿವುಚಿದ ರಸ. ಎರಡನ್ನೂ ಮಾಡುತ್ತಿದ್ದವರು ಶಾಂತವ್ವ. ಐವತ್ತು ದಾಟಿದ ವಿಧವೆ, ಮಕ್ಕಳಿಲ್ಲ. ಆರಾಧನೆ ಮುಗಿದ ಮೇಲೆ ಎಲ್ಲರೂ ಕೂಡಿ ಉಣ್ಣುವ ಊಟಕ್ಕೆ ಜೋಳದ ರೊಟ್ಟಿ ಬಡಿಯುತ್ತಿದ್ದವರೂ ಅವರೇ. ಆ ರೊಟ್ಟಿಯ ಆಸೆಗೆ ನನ್ನ ಪ್ರಸಂಗ ಸಹಿಸುವವರೂ ಇದ್ದರು.

ಆದರೆ ತಾವೇ ಮಾಡಿದ ಪ್ರಭುಭೋಜನದ ಚಪಾತಿಯನ್ನು ಶಾಂತವ್ವ ಮುಟ್ಟುತ್ತಿರಲಿಲ್ಲ. ದೀಕ್ಷಾಸ್ನಾನ ಪಡೆದು ಎಷ್ಟೋ ವರ್ಷವಾಗಿದ್ದರೂ ಬಾಗಿಲ ಬಳಿ ನಿಂತೇ ಇರುತ್ತಿದ್ದರು. ಯಾವುದೋ ಪಾಪ ಇವರನ್ನು ಕಾಡುತ್ತಿರಬೇಕು ಎಂದುಕೊಂಡು, ಅವರನ್ನೇ ಕಣ್ಣಿನಲ್ಲಿಟ್ಟುಕೊಂಡು ಕ್ಷಮೆಯ ಮೇಲೆ ಪ್ರಸಂಗ ಮಾಡಿದೆ. “ಚೊಲೋ ಹೇಳಿದ್ರಿ ಪಾಸ್ಟರ್ರ” ಎಂದು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ ಹೋದರು. ಕೊನೆಗೆ ನೇರವಾಗಿ ಕೇಳಿಯೇ ಬಿಟ್ಟೆ.

“ಬಡಸಾಕಿ ಮದ್ಲ ಹ್ಯಾಂಗ ಉಣ್ಣತಾಳ್ರಿ? ಎಲ್ಲಾರದೂ ಆಗ್ಲಿ” ಎಂದರು.

ಎಲ್ಲರದೂ ಆಗುವ ಹೊತ್ತಿಗೆ ನಾನು ಆಶೀರ್ವಾದ ಹೇಳಿ ಆರಾಧನೆ ಮುಗಿಸಿರುತ್ತಿದ್ದೆ. ಈ ಕಡೆಯ ಮನೆಗಳಲ್ಲಿ ಬಡಿಸುವ ಹೆಂಗಸು ಕೊನೆಗೆ ಉಣ್ಣುವುದು ರೂಢಿ. ಆ ರೂಢಿಯನ್ನು ಶಾಂತವ್ವ ಪ್ರಭುವಿನ ಮೇಜಿಗೂ ತಂದಿದ್ದರು. ಬರೀ ರೂಢಿ ತಾನೇ ಎಂದು ನಕ್ಕು ಸುಮ್ಮನಾದೆ.

ಮರುವರ್ಷದ ಮಳೆಗಾಲದಲ್ಲಿ ಅವರು ಹೊಳೆಯ ಮೆಟ್ಟಿಲ ಮೇಲೆ ಜಾರಿ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಬಿಚ್ಚಿದ ಮೇಲೂ ಬೆರಳಿಗೆ ಬಲ ಬರಲಿಲ್ಲ. ಇನ್ನು ಆ ಕೈಯಿಂದ ರೊಟ್ಟಿ ಬಡಿಯುವುದಾಗದು ಎಂದರು ಡಾಕ್ಟರು. ಅಂದಿನಿಂದ ಶಾಂತವ್ವ ಸಭೆಗೆ ಬರುವುದನ್ನೇ ಬಿಟ್ಟರು. ನಾನು ಮನೆಗೆ ಹೋದೆ.

“ಇನ್ನ ನಾ ಬರಂಗಿಲ್ರಿ. ಬಂದು ಏನ್ ಮಾಡ್ಲಿ? ಸುಮ್ಮ ಕುಂತ ಉಣ್ಣಾಕ ನಾಚಿಕಿ ಬರ್ತೈತಿ” ಎಂದರು. ಮದುವೆಯಾಗಿ ಬಂದಂದಿನಿಂದ ಅತ್ತೆ ದಿನಾ ಹೇಳುತ್ತಿದ್ದ ಮಾತು ಒಂದೇ ಅಂತೆ, ದುಡಿದರೆ ಕೂಳು. ಮಕ್ಕಳಾಗದ ಸೊಸೆ ಆ ಮನೆಯಲ್ಲಿ ಬಾಳಿದ್ದು ಎರಡು ಕೈಗಳ ಬಲದ ಮೇಲೆ. ಈಗ ಕೈ ಹೋಗಿತ್ತು, ತಾನು ಯಾರೂ ಅಲ್ಲ ಎಂದು ಅವರಿಗೆ ಖಾತ್ರಿಯಾಗಿತ್ತು. ಪ್ರಬಂಧದ ಒಂದು ವಾಕ್ಯವೂ ಆಗ ನೆರವಿಗೆ ಬರಲಿಲ್ಲ.

“ಅಕ್ಕಾರ, ನಿಮ್ಮ ತವರು ಯಾವೂರ್ರಿ?” ಎಂದೆ.

“ಕರೋಶಿರಿ.”

“ತವರಿಗೆ ಹೋದಾಗ ರೊಟ್ಟಿ ಯಾರು ಬಡೀತಿದ್ರು?”

ಅವರ ಮುಖ ಅರಳಿತು. “ನಮ್ಮವ್ವರಿ. ನನ್ನ ಒಲಿ ಕಡೆ ಹಾಯಗೊಡತಿದ್ದಿಲ್ಲ. ಬಿಸಿಬಿಸಿದು ನನಗ ಮದ್ಲ ಹಾಕತಿದ್ಳು.”

“ಸಭೆ ನಿಮ್ಮ ಅತ್ತಿ ಮನಿ ಅಲ್ರಿ ಅಕ್ಕಾರ. ಅಪ್ಪನ ಮನಿ.”

ಶಾಂತವ್ವ ಮೆಲ್ಲಗೆ, “ಮತ್ತ ಚಪಾತಿ ಯಾರು ಮಾಡತಾರ?” ಎಂದರು. ನಾವು ಗಂಡಸರು ಮಾಡುತ್ತೇವೆ ಎಂದೆ. ಅವರ ಮುಖದಲ್ಲಿ ಹೊಸದೊಂದು ಚಿಂತೆ ಕಾಣಿಸಿತು.

ಆ ಚಿಂತೆ ಸುಳ್ಳಾಗಲಿಲ್ಲ. ಸಭೆಯ ಹಿರಿಯರಾದ ಯೋಹಾನ ಮಾಸ್ತರರೂ ನಾನೂ ಶನಿವಾರ ಸಂಜೆ ಹಿಟ್ಟಿನೊಂದಿಗೆ ಗುದ್ದಾಡಿದೆವು. ನಮ್ಮ ಚಪಾತಿ ಒಂದು ಕಡೆ ಕರಿ, ಇನ್ನೊಂದು ಕಡೆ ಹಸಿ. ಮಾಸ್ತರರ ಹೆಂಡತಿ ರೂತವ್ವ ಅದನ್ನು ನೋಡಿ, ದೇವರೇ ಇದನ್ನು ಆಶೀರ್ವದಿಸಬೇಕು ಎಂದು ನಕ್ಕರು.

ಭಾನುವಾರ ಶಾಂತವ್ವ ಬಂದರು. ಬಾಗಿಲ ಬಳಿ ನಿಲ್ಲಲು ಹೋದವರನ್ನು ರೂತವ್ವ ಕರೆತಂದು ಮುಂದಿನ ಚಾಪೆಯ ಮೇಲೆ ಕೂರಿಸಿದರು. ನಾನು ಚಪಾತಿ ಮುರಿದು ಮೊದಲ ತುಂಡನ್ನು ಅವರಿಗೇ ಚಾಚಿದೆ. ಅವರು ಹಿಂದೆ ತಿರುಗಿ ನೋಡಿದರು, ಉಳಿದವರದು ಆಗಿಲ್ಲವಲ್ಲ ಎಂಬಂತೆ. “ಉಣ್ಣವಾ, ನಾವು ಅದೀವಿ” ಎಂದರು ರೂತವ್ವ. ಬಲಗೈ ಬೆರಳಿಗೆ ಹಿಡಿತ ಬರಲಿಲ್ಲ. ಎಡಗೈ ಚಾಚಿದರು, ಪವಿತ್ರವಾದುದನ್ನು ಎಡಗೈಲಿ ಹೇಗೆ ತೆಗೆದುಕೊಳ್ಳುವುದೆಂದು ಹಿಂದಕ್ಕೆ ಎಳೆದುಕೊಂಡರು. ಎರಡು ಕೈಯೂ ಮಡಿಲಲ್ಲಿ ಉಳಿದವು. ಕಣ್ಣು ತುಂಬಿ ಬಂತು.

ನಾನು ಚಾಪೆಯ ಮೇಲೆ ಕುಳಿತು ಆ ತುಂಡನ್ನು ಅವರ ಬಾಯಿಗಿಟ್ಟೆ, ಮಕ್ಕಳಿಗೆ ತುತ್ತು ಇಡುವ ಹಾಗೆ.

ಶಾಂತವ್ವ ಕಣ್ಣೀರು ಸುರಿಸುತ್ತಲೇ ಅಗಿದರು. ಅಗಿಯಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಎಲ್ಲರಿಗೂ ಕೇಳುವ ಪಿಸುದನಿಯಲ್ಲಿ, “ಹಿಟ್ಟ ನಾದೇ ಇಲ್ರಿ ಪಾಸ್ಟರ್ರ” ಎಂದರು. ಪ್ರಭುಭೋಜನದ ಹೊತ್ತಿನಲ್ಲಿ ಇಡೀ ಸಭೆ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನಗೂ ನಗು ತಡೆಯಲಾಗಲಿಲ್ಲ, ಅಳುವೂ ತಡೆಯಲಾಗಲಿಲ್ಲ.

ಮನುಷ್ಯ ದೇವರ ಮುಂದೆ ತನ್ನ ಕೆಲಸದಿಂದ ಬೆಲೆ ಪಡೆಯುವುದಿಲ್ಲ, ಅವನ ಮಗು ಎಂಬ ಒಂದೇ ಕಾರಣಕ್ಕೆ ಪಡೆಯುತ್ತಾನೆ ಎಂದು ಅದಕ್ಕೆ ಮೊದಲೂ ಬೋಧಿಸಿದ್ದೆ. ಬೋಧಿಸಿದರೆ ಸಾಲದು, ಕೈ ಸೋತವರನ್ನು ಕೂರಿಸಿ ಉಣಿಸಬೇಕು ಎಂಬುದನ್ನು ಈ ವೃತ್ತಿ ನನಗೆ ಆ ಚಾಪೆಯ ಮೇಲೆ ಕಲಿಸಿತು. ನಾನು ಅಲ್ಲಿದ್ದಷ್ಟು ವರ್ಷವೂ ಶಾಂತವ್ವ ಮುಂದಿನ ಸಾಲಿನಲ್ಲೇ ಕುಳಿತರು, ಪ್ರತಿ ತಿಂಗಳೂ ನಮ್ಮ ಚಪಾತಿಯಲ್ಲಿ ಒಂದು ಕೊರತೆ ಹುಡುಕಿ ಹೆಸರಿಟ್ಟರು. ನನ್ನ ನಂತರ ಬಂದ ಪಾಸ್ಟರರ ಹೆಂಡತಿ ಹೊಸದರಲ್ಲಿ ಎಲ್ಲರ ಪರಿಚಯ ಮಾಡಿಕೊಳ್ಳುತ್ತ, ಸಭೆಯಲ್ಲಿ ನಿಮ್ಮ ಕೆಲಸ ಏನು ಎಂದು ಕೇಳಿದಾಗ ಶಾಂತವ್ವ ತಲೆಯೆತ್ತಿ ಹೇಳಿದರಂತೆ:

“ನಾನ್ರಿ? ನಾ ಉಣ್ಣಾಕಿ.”