ಕೆಂಚಪ್ಪನ ಎಲೆ

ನಿರಂಜನನಿಗೆ ಬಿರುಕು ಹುಡುಕುವುದೇ ಕಸುಬು. ಶಿರಾ ಕಡೆಯ ಒಕ್ಕಲು ಮನೆಯಿಂದ ಬಂದು ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆ ಸೇರಿದವನು, ನಿವೃತ್ತನಾಗುವವರೆಗೂ ತಯಾರಾದ ಮಾಲನ್ನು ತಪಾಸಣೆ ಮಾಡಿ ಪಾಸು ಮಾಡುವ ವಿಭಾಗದಲ್ಲೇ ಇದ್ದ. ಉಕ್ಕಿನೊಳಗೆ ಕಣ್ಣಿಗೆ ಕಾಣದ ಸೀಳಿದ್ದರೂ ಅವನ ಯಂತ್ರ ಹಿಡಿಯುತ್ತಿತ್ತು, ಯಂತ್ರ ಬಿಟ್ಟದ್ದನ್ನು ಅವನು ಹಿಡಿಯುತ್ತಿದ್ದ. ನಿರಂಜನ್ ಗಾರು ಸಹಿ ಹಾಕಿದ್ದಾರೆ ಎಂದರೆ ಮೇಲಿನವರು ಮತ್ತೆ ನೋಡುತ್ತಿರಲಿಲ್ಲ. ಇಂಥ ಆಸಾಮಿ ನಿವೃತ್ತನಾಗಿ ಭೀಮುನಿಪಟ್ಟಣದಲ್ಲಿ ಮನೆ ಕಟ್ಟಿಸಿಕೊಂಡು ಸಮುದ್ರ ನೋಡುತ್ತ ಸುಮ್ಮನೆ ಕೂರುತ್ತಾನೆಯೇ? ಸ್ವಂತ ವಂಶದ ಬಿರುಕು ಹುಡುಕಲು ಹೊರಟ.

ಆ ಬಿರುಕಿನ ಹೆಸರು ಕೆಂಚಪ್ಪ, ನಿರಂಜನನ ಮುತ್ತಜ್ಜನ ದೊಡ್ಡಪ್ಪ. ಬ್ರಿಟಿಷರ ಕಾಲದಲ್ಲಿ ಊರ ಕೆರೆಯ ತೂಬಿನ ಹತ್ತಿರ, ಗದ್ದೆಗೆ ನೀರು ಬಿಡುವ ಸರದಿ ಯಾರದೆಂಬ ಜಗಳದಲ್ಲಿ, ಒಡಹುಟ್ಟಿದ ತಮ್ಮ ತಿಮ್ಮಣ್ಣನ ತಲೆಗೆ ಗುದ್ದಲಿಯಿಂದ ಹೊಡೆದ. ತಮ್ಮ ಅಲ್ಲೇ ಸತ್ತ. ಅಣ್ಣ ಉಟ್ಟ ಬಟ್ಟೆಯಲ್ಲೇ ಮೂಡಲ ಸೀಮೆಗೆ ಓಡಿಹೋದ. ಮನೆಯವರಿಗೆ ಗೊತ್ತಿದ್ದುದು ಇಷ್ಟೇ. ಸತ್ತ ತಿಮ್ಮಣ್ಣನ ಮಗನಿಂದ ಬೆಳೆದದ್ದು ನಿರಂಜನನ ವಂಶ.

ಕಾಲ ಎಷ್ಟು ಸರಿದರೂ ಮನೆಯವರ ಸಿಟ್ಟು ಮಾತ್ರ ಇಳಿದಿರಲಿಲ್ಲ. ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಯ ಹಿರಿಯರ ಹಬ್ಬದಲ್ಲಿ, ಸತ್ತವರಿಗೆಲ್ಲ ಸಾಲಾಗಿ ಬಾಳೆ ಎಲೆ ಹಾಕಿ, ರಾಗಿಮುದ್ದೆ, ಹುಚ್ಚೆಳ್ಳು ಚಟ್ನಿ, ಪಾಯಸ ಬಡಿಸಿ, "ಉಣ್ಣೋಕ್ ಬನ್ರಪ್ಪಾ" ಎಂದು ಹೆಸರು ಹಿಡಿದು ಕರೆಯುತ್ತಿದ್ದರು. ಕೊನೆಗೆ ಹೊಸಿಲಿನಾಚೆ ಒಂದು ಎಲೆಯನ್ನು ಮಗುಚಿ ಹಾಕಿ, ಏನೂ ಬಡಿಸದೆ ಬಾಗಿಲು ಮುಚ್ಚುತ್ತಿದ್ದರು. ಅದು ಕೆಂಚಪ್ಪನದು. ಬಂದರೆ ನೋಡಿಕೊಂಡು ಹಸಿದು ಹೋಗಲಿ ಎಂದು. ಚಿಕ್ಕಂದಿನಲ್ಲಿ ಒಮ್ಮೆ ನಿರಂಜನ ಪಾಪವೆನಿಸಿ ಆ ಎಲೆಯನ್ನು ಅಂಗಾತ ತಿರುಗಿಸಿದ್ದಕ್ಕೆ ಅಕ್ಕ ಸೀತಾಲಕ್ಷ್ಮಿ ಕೆನ್ನೆಗೆ ಬಾರಿಸಿದ್ದಳು. ಕೆಂಚಪ್ಪ ಬೇಕೆಂದೇ ಕೊಂದನೇ, ಆಮೇಲೆ ಏನಾದ ಎಂಬ ಪ್ರಶ್ನೆ ಅವನ ತಲೆ ಹೊಕ್ಕಿದ್ದು ಆ ಏಟಿನ ಜೊತೆಗೇ.

ಸೀತಾಲಕ್ಷ್ಮಿಯ ಕೈ ಈಗ ಸೊರಗಿದ್ದರೂ ಮನೆಯ ಆಡಳಿತ ಅವಳದೇ. ನಿರಂಜನನ ಹೆಂಡತಿ ತೀರಿಕೊಂಡಾಗ ಊರಿನಿಂದ ಬಂದು ಎಳೆಗೂಸು ಹರಿಣಿಯನ್ನು ಎತ್ತಿಕೊಂಡವಳು ಇಲ್ಲೇ ಉಳಿದಳು. ತೆಲುಗು ನೆಲದಲ್ಲಿ ಇಷ್ಟು ವರ್ಷ ಬಾಳಿದರೂ ಬೆಡಗಿನ ವಿಷಯದಲ್ಲಿ ಅವಳು ಒಂದಿಂಚು ಸಡಿಲಬಿಟ್ಟವಳಲ್ಲ. ಒಂದೇ ಬೆಡಗು ಎಂದರೆ ಒಬ್ಬನೇ ಮೂಲಪುರುಷನ ಮಕ್ಕಳು. ಅವರೊಳಗೆ ಹೆಣ್ಣು ಕೊಡುವಂತಿಲ್ಲ, ತರುವಂತಿಲ್ಲ. ಆ ಕಟ್ಟು ಮೀರಿ ಮದುವೆಯಾದ ದೊಡ್ಡಪ್ಪನ ಮಗನ ಮನೆಯಲ್ಲಿ ಅವಳು ನೀರು ಮುಟ್ಟಲಿಲ್ಲ, ಅವನು ಸತ್ತಾಗ ಮಣ್ಣಿಗೂ ಹೋಗಲಿಲ್ಲ.

ವಿಜಯವಾಡದ ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಹರಿಣಿ, ಅಲ್ಲೇ ಕೆಲಸದಲ್ಲಿದ್ದ ಯಶ್ವಂತ್‌ನನ್ನು ಮದುವೆಯಾಗುತ್ತೇನೆ ಎಂದಾಗ ನಿರಂಜನ ಹೆದರಿದ್ದು ಇದಕ್ಕೇ. ಸೀತಾಲಕ್ಷ್ಮಿ ಕೇಳಿದ್ದು ಒಂದೇ ಮಾತು. "ಯಾವ ಬೆಡಗು?"

"ಅತ್ತೆ, ಅವ್ರು ತೆಲುಗಿನೋರು. ಇಂಟಿಪೇರು, ಅಂದ್ರೆ ಮನೆತನದ ಹೆಸ್ರು, ಪಡಮಟಿ ಅಂತ."

ಪಡಮಟಿ ಎಂದರೆ ಪಡುವಣದವರು. ಆ ಹೆಸರು ಎಲ್ಲಿಂದ ಬಂತೆಂದು ಬಿರುಕಿನ ಪಂಡಿತ ನಿರಂಜನನೂ ಯೋಚಿಸಲಿಲ್ಲ. "ನಮ್ಮದಲ್ಲ ತಾನೆ, ಆಗ್ಲಿ" ಎಂದುಬಿಟ್ಟಳು ಅಕ್ಕ. ಅಪ್ಪ ಮಗಳು ನಿರಾಳವಾಗಿ ಉಸಿರು ಬಿಟ್ಟರು.

ಅಷ್ಟರಲ್ಲಿ ನಿರಂಜನನ ಹುಡುಕಾಟಕ್ಕೂ ವರ್ಷಗಳಾಗಿದ್ದವು. ತುಮಕೂರಿನ ಹಳೆಯ ಕಡತಗಳಲ್ಲಿ 'ಆರೋಪಿ ಪರಾರಿ' ಎಂಬುದರಾಚೆ ಏನೂ ಇರಲಿಲ್ಲ. ಆ ಕಾಲದಲ್ಲಿ ಬೆಜವಾಡ, ಅಂದರೆ ಈಗಿನ ವಿಜಯವಾಡದ ಸುತ್ತ ಕೃಷ್ಣೆಯ ಕಾಲುವೆ ಅಗೆಯಲು ಆಳು ಬೇಕಿತ್ತು, ಬಂದವರ ಊರು ಕೇರಿ ಕೇಳುತ್ತಿರಲಿಲ್ಲ ಎಂದು ಯಾರೋ ಹೇಳಿದ್ದರು. ಅಷ್ಟನ್ನೇ ನಂಬಿಕೊಂಡು, ಮಗಳನ್ನು ನೋಡುವ ನೆಪದಲ್ಲಿ ಕಾಲುವೆ ದಂಡೆಯ ಹಳ್ಳಿಗಳನ್ನು ಅಲೆದ. ಜಮೀನಿನ ತಕರಾರು ತಂದವನೆಂದುಕೊಂಡು ಒಂದೆರಡು ಕಡೆ ಅಟ್ಟಿಯೂ ಬಿಟ್ಟರು. ಪ್ರತಿ ಸಲ ವಾಪಸು ಬಸ್ಸು ಹತ್ತುವ ಮೊದಲೇ ಅಕ್ಕನಿಗೆ ಫೋನು ಮಾಡಿ, ಹೋದದ್ದು ಬಂದದ್ದು, ಕುಡಿದ ಕಾಫಿ, ತಿಂದ ಬೈಗುಳ, ಎಲ್ಲವನ್ನೂ ವರದಿ ಒಪ್ಪಿಸುತ್ತಿದ್ದ.

ಸಂಕ್ರಾಂತಿಗೆ ಯಶ್ವಂತನ ಅಪ್ಪ ಗೋಪಾಲಕೃಷ್ಣ ಬೀಗರಾಗುವವರನ್ನು ಊಟಕ್ಕೆ ಕರೆದ. ವಿಜಯವಾಡದ ಆಟೋನಗರದಲ್ಲಿ ಲಾರಿ ರಿಪೇರಿಯ ಶೆಡ್ಡು ಇಟ್ಟುಕೊಂಡ ದೊಡ್ಡ ಗಂಟಲಿನ, ದೊಡ್ಡ ಮನಸ್ಸಿನ ಮನುಷ್ಯ. ದೂರದ ಪ್ರಯಾಣ ಅಕ್ಕನ ಕೈಲಾಗದೆ ನಿರಂಜನನೊಬ್ಬನೇ ಹೋದ. "ರಂಡಿ ಬಾವಗಾರೂ" ಎಂದು ತೆಲುಗಿನಲ್ಲಿ ಬರಮಾಡಿಕೊಂಡು ಗೋಪಾಲಕೃಷ್ಣ ಬಾಗಿಲಲ್ಲೇ ತಬ್ಬಿಕೊಂಡ. ಆ ಸೀಮೆಯಲ್ಲಿ ಹಿರಿಯರಿಗೆ ಎಡೆ ಇಡುವುದು ಸಂಕ್ರಾಂತಿಯಲ್ಲೇ. ಒಳಗೆ ಹೊಸಬಟ್ಟೆ, ಅರಿಸಿನ ಕುಂಕುಮ, ಸಾಲು ಎಲೆಗಳು, ಅನ್ನದ ರಾಶಿ. ನಿರಂಜನ ಹರಿಣಿಯ ಪಕ್ಕದಲ್ಲಿ ಕೂತು ಬಿಡುವಾಗಿ ನೋಡುತ್ತಿದ್ದ.

ಕೊನೆಯ ಎಲೆಗೆ ಯಶ್ವಂತನ ಅಜ್ಜಿ ಬೇರೆ ಪಾತ್ರೆ ತಂದಳು. ಅದರಲ್ಲಿದ್ದದ್ದು ರಾಗಿಮುದ್ದೆ. ಪಕ್ಕದಲ್ಲಿ ಕಪ್ಪಗೆ ಹುಚ್ಚೆಳ್ಳಿನ ಚಟ್ನಿ.

ಮೂರು ಹೊತ್ತೂ ಅನ್ನ ಉಣ್ಣುವ ಮನೆ ಅದು. ನಿರಂಜನನ ಬೆನ್ನು ತಾನಾಗಿ ನೆಟ್ಟಗಾಯಿತು. ಗೋಪಾಲಕೃಷ್ಣ ಆ ಎಲೆಯ ಮುಂದೆ ಮಂಡಿಯೂರಿ, ಕೈಮುಗಿದು, ತನಗೆ ಅರ್ಥವಾಗದ ಮಂತ್ರವನ್ನು ಹೇಳುವವನಂತೆ ರಾಗವಿಲ್ಲದೆ, ಕನ್ನಡದಲ್ಲಿ ಹೇಳಿದ.

"ತಪ್ಪಾಯ್ತು ಕಣೋ. ಉಣ್ಣೋಕ್ ಬಾರೋ ತಿಮ್ಮಾ."

ನಿರಂಜನನಿಗೆ, ತಾನು ಇಷ್ಟು ವರ್ಷ ಊರೂರು ಅಲೆದು ಹುಡುಕಿದ ಕೆಂಚಪ್ಪ ಇದೇ ಮನೆಯ ಅಟ್ಟದ ಮೇಲೋ ಅಡುಗೆಮನೆಯಲ್ಲೋ ಕೂತಿದ್ದಾನೆ ಅನಿಸಿತು. ಖುಷಿಯಿಂದ ಕೂಗಿಬಿಡಬೇಕೆನಿಸಿತು. ಮರುಗಳಿಗೆಗೇ ಪಕ್ಕದಲ್ಲಿದ್ದ ಮಗಳ ನೆನಪಾಗಿ ಖುಷಿಯೆಲ್ಲ ಇಂಗಿಹೋಯಿತು. ಯಶ್ವಂತ್ ಕೆಂಚಪ್ಪನ ಕುಡಿ. ಅಂದರೆ ದಾಯಾದಿ. ಒಂದೇ ಬೆಡಗು.

ಅಜ್ಜಿ ತನಗೆ ತಿಳಿದದ್ದನ್ನು ತಾನಾಗಿಯೇ ಹೇಳಿದಳು. ಈ ವಂಶದ ಮೂಲದವನು ಪಡುವಣದಿಂದ ಒಬ್ಬನೇ ಬಂದು ಕಾಲುವೆ ಅಗೆದ, ಇಲ್ಲಿಯ ಹೆಣ್ಣನ್ನೇ ಕಟ್ಟಿಕೊಂಡು ಹೊಲ ಮಾಡಿದ. ತೂಬು ಎತ್ತುವ ದಿನ ಊರೆಲ್ಲ ಕಾಲುವೆಯ ಮೇಲಿದ್ದರೆ ಇವನು ಮನೆಯೊಳಗೆ ಅವಿತು ಕೂರುತ್ತಿದ್ದ. ಗುದ್ದಲಿ ಹಿಡಿದು ನೀರು ಕಟ್ಟುವ ಕೆಲಸ ಪೂರ್ತಿ ಹೆಂಡತಿಯದು. ಸಾಯುವವರೆಗೆ ಈ ದಿನ ಈ ಎಲೆ ಇಟ್ಟು, ತಾನು ಉಪವಾಸವಿದ್ದ. ಈಗಲೂ ಈ ಮನೆಯ ಯಜಮಾನ ಇವತ್ತು ತುತ್ತು ಮುಟ್ಟುವುದಿಲ್ಲ.

"ಯಾಕಂತೆ?" ನಿರಂಜನ ತೆಲುಗಿನಲ್ಲಿ ಕೇಳಿದ.

ಕೊಂದನೋ, ಕೈ ತಪ್ಪಿತೋ, ಏನೋ ತಮ್ಮನ ವಿಷಯ, ಉಪವಾಸ ಮಾತ್ರ ನಮ್ಮವರೆಗೆ ಬಂದಿದೆ ಎಂದಳು ಅಜ್ಜಿ. ಆಮೇಲೆ ಅವನ ಮುಖವನ್ನೇ ನೋಡುತ್ತ ಕೇಳಿದಳು. ನಿಮ್ಮದೂ ಪಡುವಣವೇ ಅಲ್ಲವೇ ಬಾಬೂ, ಆ ಮಂತ್ರ ಏನಾದರೂ ತಿಳಿಯಿತೇ?

ಹರಿಣಿ ಅವನ ಮೊಣಕೈ ಹಿಡಿದಳು. ಅತ್ತೆ ಇಡುವ ಎಡೆಯ ಮುಂದೆ ಬೆಳೆದ ಹುಡುಗಿ, ಅವಳಿಗೂ ಎಲ್ಲ ತಿಳಿದಿತ್ತು. ಸೀರೆಯ ಸೆರಗು ಸರಿಮಾಡುವವಳಂತೆ ಬಾಗಿ ಕನ್ನಡದಲ್ಲಿ ಪಿಸುಗುಟ್ಟಿದಳು. "ಅಪ್ಪಾ, ಹೇಳ್ಬೇಡಿ. ಅತ್ತೆಗೆ ಗೊತ್ತಾದ್ರೆ ಮುಗೀತು."

ಹೇಳದಿದ್ದರೆ ಸುಳ್ಳಾಗುತ್ತದೆ. ಹೇಳಿದರೆ, ಹೆತ್ತ ತಾಯಿಗಿಂತ ಹೆಚ್ಚಾದವಳು ಈ ಹುಡುಗಿಯ ಮದುವೆಗೆ ಬರುವುದಿಲ್ಲ. ಅವಳು ಬರದ ಮದುವೆಯನ್ನು ಈ ಹುಡುಗಿ ಮಾಡಿಕೊಳ್ಳುವುದಿಲ್ಲ. ಯಶ್ವಂತ್ ಏನೂ ಅರಿಯದೆ ಎದುರಿಗೆ ನಗುತ್ತ ನಿಂತಿದ್ದ. ಜನ್ಮದಲ್ಲಿ ಒಂದು ಸೀಳನ್ನೂ ಮುಚ್ಚಿ ಸಹಿ ಹಾಕದವನು ತಲೆಯಾಡಿಸಿ, "ತೆಲಿಯದಮ್ಮಾ" ಎಂದ.

ಉಪವಾಸವಿದ್ದ ಗೋಪಾಲಕೃಷ್ಣ ತಾನೇ ನಿಂತು ಬಡಿಸುತ್ತ, ಬಾವಗಾರೂ ಬಾವಗಾರೂ ಎಂದು ಉಪಚಾರ ಮಾಡಿದ. ರಕ್ತದ ಲೆಕ್ಕದಲ್ಲಿ ಅಣ್ಣಾ ಎನ್ನಬೇಕಾದವನು ಬಾವ ಎನ್ನುತ್ತಿದ್ದಾನಲ್ಲ ಎಂದು ನಿರಂಜನನಿಗೆ ಅಳು ಬಂದಂತಾಯಿತು. ತಾರಸಿಯಿಂದ ಇಂದ್ರಕೀಲಾದ್ರಿ ಬೆಟ್ಟ ಕಾಣುತ್ತದೆ, ಬನ್ನಿ ಎಂದು ಕರೆದರೆ ತಲೆನೋವೆಂದು ಹೊರಟುಬಿಟ್ಟ. ರೈಲು ಹಿಡಿದು ತಡರಾತ್ರಿ ಮನೆಗೆ ಬಂದಾಗ ಅಕ್ಕ ಬಾಗಿಲು ತೆರೆದು, ಎಂದಿನಂತೆ ಕೇಳಿದಳು. "ಕೆಂಚಪ್ಪನ ಸುದ್ದಿ ಏನಾದ್ರೂ ಸಿಕ್ತೇನೋ?"

"ಇಲ್ಲಕ್ಕ" ಎಂದು ಅವನು ಮಲಗಲು ಹೋದ.

ಮದುವೆ ಕಾರ್ತಿಕಕ್ಕೆ ಎಂದಾಯಿತು. ಆ ತಿಂಗಳುಗಳನ್ನು ಅವನು ಹೇಗೆ ದೂಡಿದನೋ ಅವನಿಗೇ ಗೊತ್ತು. ಯಶ್ವಂತ್ ಬಂದರೆ ಸಮುದ್ರದ ಕಡೆ ಎದ್ದುಹೋಗುತ್ತಿದ್ದ. ಕಾಲುವೆ ಹಳ್ಳಿಗಳ ತಿರುಗಾಟ ನಿಂತಿತು. ಹರಿಣಿ ಫೋನಿನಲ್ಲಿ ಮೊದಲು ಕೇಳುತ್ತಿದ್ದುದು, "ಅತ್ತೆ ಏನಾದ್ರೂ ಅಂದ್ರಾ?"

ಮಹಾಲಯ ಅಮಾವಾಸ್ಯೆ ಬಂತು. ಹರಿಣಿ ರಜೆ ಹಾಕಿ ಬಂದಿದ್ದಳು. ಸೀತಾಲಕ್ಷ್ಮಿ ಒಬ್ಬೊಬ್ಬರನ್ನೇ ಕರೆದು ಬಡಿಸಿ, ಕೊನೆಗೆ ಒಂದು ಎಲೆ ಹಿಡಿದು ಹೊಸಿಲು ದಾಟಿದಳು. ಮಗುಚಿ ಹಾಕಿದಳು. ಆದರೆ ಒಳಗೆ ಬರಲಿಲ್ಲ, ಬಾಗಿಲನ್ನೂ ಮುಚ್ಚಲಿಲ್ಲ.

"ನಿರಂಜನಾ, ಬಾ ಇಲ್ಲಿ. ಸಂಕ್ರಾಂತಿಗೆ ಆ ಮನೆಗೆ ಹೋಗ್ಬಂದ್ಮೇಲೆ ನೀನು ಇವನ ಹೆಸ್ರೇ ಎತ್ತಿಲ್ಲ. ಸಿಗದೆ ಇದ್ದಿದ್ರೆ ಸುಮ್ನೆ ಕೂರೋನಲ್ಲ ನೀನು. ಅಲ್ಲೇ ಸಿಕ್ಕಿದ್ನಾ?"

ಒಳಗೆ ಹರಿಣಿಯ ಕೈಯ ಪಾತ್ರೆ ನೆಲಕ್ಕೆ ತಾಗಿದ ಸದ್ದಾಯಿತು. ನಿರಂಜನನಿಗೆ ಇನ್ನು ಸುಳ್ಳು ಹೇಳುವ ತ್ರಾಣವಿರಲಿಲ್ಲ. ಮುದ್ದೆ, ಚಟ್ನಿ, ತೂಬು ಎತ್ತುವ ದಿನದ ಅಂಜಿಕೆ, ಉಪವಾಸ, ಎಲ್ಲ ಹೇಳಿದ. "ಬೇಕಂತ ಕೊಂದ್ನೋ ಇಲ್ವೋ ಅವ್ರಿಗೂ ಗೊತ್ತಿಲ್ಲಕ್ಕ. ನಮ್ಮ ತಿಮ್ಮಣ್ಣನಿಗೆ ವರ್ಷ ವರ್ಷ ಎಡೆ ಇಡ್ತಾರೆ. ತಪ್ಪಾಯ್ತು ಕಣೋ ಉಣ್ಣೋಕ್ ಬಾರೋ ಅಂತ ಕರೀತಾರೆ. ಅರ್ಥ ಗೊತ್ತಿಲ್ದೇನೇ ಕರೀತಾರೆ."

ಸೀತಾಲಕ್ಷ್ಮಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಹರಿಣಿ ಬಂದು ಅಪ್ಪನ ಹಿಂದೆ ನಿಂತು, ಅತ್ತೆಯ ಬೆನ್ನನ್ನೇ ನೋಡುತ್ತ ಅಳುತ್ತಿದ್ದಳು.

"ಬೆಡಗು ಒಂದೇ ಆಯ್ತಲ್ಲಕ್ಕ" ಎಂದ ನಿರಂಜನ, ತಾನೇ ಹೇಳಿ ಮುಗಿಸಿಬಿಡೋಣವೆಂದು.

"ಯಾವ ಬೆಡಗು? ಅವ್ನನ್ನ ನಾವೇ ಹೊಸ್ಲಿಂದ ಆಚೆ ಹಾಕಿಲ್ವೇನೋ? ಮನೆಯೋನಲ್ಲ ಅಂತ ಇಷ್ಟು ವರ್ಷ ಎಲೆ ಮಗುಚಿ ಹಾಕಿ, ಈಗ ಮದುವೆ ಅಂದಾಗ ನಮ್ಮೋನು ಅಂತ ಎಳ್ಕೊಂಬರಕಾಯ್ತದಾ?"

ಅವಳು ಬಗ್ಗಿದಳು. ಎಲೆಯನ್ನು ಅಂಗಾತ ತಿರುಗಿಸಿ, ಸೆರಗಿನಿಂದ ಧೂಳು ಒರೆಸಿದಳು. ಮುದ್ದೆಯಿಟ್ಟು ಚಟ್ನಿ ಬಡಿಸಿ, ತಲೆಯೆತ್ತದೆ ಹೇಳಿದಳು.

"ಹರಿಣಿ, ಅಳೋದು ಬಿಟ್ಟು ತುಪ್ಪ ತಗೊಂಬಾ. ಬೀಗರ ಎಲೆ ಇದು."