ವಾಸನೆ ನೋಡುವ ತನುಜಾ

ಹುಲೇಕಲ್ಲಿನ ರಘುಪತಿ ಗ್ಯಾಸ್ ಒಲೆ ಜೋಡಿಸುವ ಕೆಲಸಕ್ಕೆ ಹೊರಟನೆಂದರೆ ಬೈಕಿನ ಹಿಂದೆ ಹೆಂಡತಿ ತನುಜಾ ಕೂತೇ ಇರುತ್ತಾಳೆ. ಶಿರಸಿ, ಸಿದ್ದಾಪುರ ಕಡೆಯ ಮನೆಗಳವರಿಗೆ ಈಗ ಇದು ರೂಢಿಯಾಗಿದೆ. ಮೊದಮೊದಲು ಮಾತ್ರ, ಗಂಡ ನಟ್ಟು ಬಿಗಿಯುವ ಪಾನೆ ಹಿಡಿದು ಕೂತಲ್ಲಿ ಇವಳೇಕೆ ಮಂಡಿಯೂರಿ ನೆಲ ಮೂಸುತ್ತಾಳೆ ಎಂದು ಜನ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕದ್ದುಂಟು.

ನಗುವಂಥದ್ದೇನೂ ಇರಲಿಲ್ಲ. ಕೊರೊನಾದ ಎರಡನೆಯ ಸುತ್ತಿನಲ್ಲಿ ರಘುಪತಿ ಜ್ವರ ಹಿಡಿದು ಮಲಗಿದವನು, ಎದ್ದ, ಉಂಡ, ಓಡಾಡಿದ. ಎಲ್ಲ ಸರಿಯಾಯಿತೆಂದು ಮನೆಯವರು ಅಂದುಕೊಂಡರು. ಒಂದು ಬೆಳಿಗ್ಗೆ ತನುಜಾ ಹಾಲನ್ನು ಒಲೆಯ ಮೇಲಿಟ್ಟು ಬಟ್ಟೆ ಒಣಹಾಕಲು ಹೋದಳು. ತಿರುಗಿ ಬರುವಾಗ ಅಂಗಳಕ್ಕೇ ಸೀದ ವಾಸನೆ ಅಡರುತ್ತಿತ್ತು. ಒಳಗೆ ಹಾಲು ಉಕ್ಕಿ, ಬತ್ತಿ, ಪಾತ್ರೆಯ ತಳ ಕರಿದಾಗಿತ್ತು. ಒಲೆಗೆ ಬೆನ್ನು ಹಾಕಿ ಕೂತ ರಘುಪತಿ ಪೇಪರು ಓದುತ್ತಿದ್ದ.

"ನಿಂಗಕ್ಕೆ ವಾಸ್ನೆ ಬಂಜಿಲ್ಯಾ?" ಎಂದಳು.

ಅವನು ಪಾತ್ರೆ ನೋಡಿದ. ಅವಳ ಮುಖ ನೋಡಿದ. "ಎಂಗೆ ಎಂತದೂ ಬತ್ತಿಲ್ಲೆ ತನುಜಾ. ಜ್ವರ ಬಿಟ್ಟಾಗಿಂದ ಬತ್ತಿಲ್ಲೆ."

ಗ್ಯಾಸಿನ ಕೆಲಸ ಮಾಡುವವನು ಮೂಗು ಕಳೆದುಕೊಳ್ಳುವುದೆಂದರೆ ಏನೆಂದು ಅವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಸಾಬೂನಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡುವ ಕ್ರಮ ಇದ್ದೇ ಇದೆ. ನಂಬಬಹುದಾದ ಕ್ರಮವೂ ಅದೇ. ಆದರೆ ನೀರು ಹಚ್ಚಿದ ಕಡೆ ಸೋರಿದರಷ್ಟೇ ಅದು ಹೇಳುತ್ತದೆ. ರಘುಪತಿ ಮುಚ್ಚಿಡಲಿಲ್ಲ. ಕರೆದವರಿಗೆಲ್ಲ ಹೀಗೆ ಹೀಗೆ ಆಗಿದೆ ಎಂದು ಹೇಳಿಬಿಟ್ಟ. ಕರೆಯುವವರು ಕಡಿಮೆಯಾದರು. ಡಾಕ್ಟರು ಕಾಯಿರಿ ಎಂದರು. ಕಾದರೂ ವಾಸನೆ ಬರಲಿಲ್ಲ. ಊಟದ ಎಲೆಯ ಮುಂದೆ ಸುಮ್ಮನೆ ಕೂತು, ಕಲಸಿದ ಅನ್ನವನ್ನು ಮತ್ತೆ ಕಲಸುತ್ತಿದ್ದ. ಅದನ್ನು ನೋಡಲಾರದೆ ತನುಜಾ ಒಂದು ದಿನ, "ಆನೂ ನಿಂಗಳ ಸಂತಿಗೆ ಬತ್ತೆ. ನಿಂಗ ಜೋಡ್ಸಿ, ಆನು ಮೂಸಿ ನೋಡ್ತೆ" ಎಂದಳು. ಮಾರನೆಯ ದಿನ ಅವನು ಅವಳ ಹೆಲ್ಮೆಟ್ ಒರೆಸಿ ಜಗಲಿಯ ಮೇಲೆ ಇಟ್ಟಿದ್ದ.

ಹೀಗೆ ಶುರುವಾದದ್ದು. ಈ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಮಡುಗಟ್ಟುತ್ತದೆ, ಆದ್ದರಿಂದ ಬಗ್ಗಿಯೇ ಮೂಸಬೇಕು ಎಂಬುದನ್ನು ಗಂಡನಿಂದ ಕಲಿತಳು. ಎರಡು ಮಳೆಗಾಲ ಕಳೆಯುವುದರೊಳಗೆ ಪಾನೆ ಹಿಡಿಯಲೂ ಬಂತು.

ಆ ವರ್ಷದ ಚಳಿಗಾಲಕ್ಕೆ ಮೊದಲು ಯಲ್ಲಾಪುರದಿಂದ ಕರೆ ಬಂತು. ಮಾಗೋಡಿನ ದಾರಿಯಲ್ಲಿ ಸೀತಮ್ಮ ಎಂಬ ನಿವೃತ್ತ ನರ್ಸಿನ ಮನೆ. ಜೊತೆಗಿದ್ದವಳು ತಮ್ಮನ ಮಗಳು ಗಂಗಾ, ಶಾಲೆಯಲ್ಲಿ ಟೀಚರು. ಮನೆಯನ್ನು ಹಿಂದೆ ಕಟ್ಟಿಸಿದವರಾರೋ ನಡುಕೋಣೆಯ ಗೋಡೆಯಲ್ಲಿ ಚಳಿ ಕಾಯಿಸಲು ಒಂದು ಬೆಂಕಿಗೂಡು ಮಾಡಿಸಿದ್ದರು. ಸೀತಮ್ಮನಿಗೆ ಅದರೆದುರು ಕೂರುವುದೆಂದರೆ ಪ್ರಾಣ. ಆದರೆ ಎದೆಯಲ್ಲಿ ಉಬ್ಬಸ ಸೇರಿಕೊಂಡ ಮೇಲೆ ಕಟ್ಟಿಗೆಯ ಹೊಗೆ ಆಗುತ್ತಿರಲಿಲ್ಲ. ಗಂಗಾ ಬೆಂಕಿಗೂಡಿನಲ್ಲಿ ಕೂರಿಸುವಂಥ ಗ್ಯಾಸಿನ ಒಲೆ ತರಿಸಿದ್ದಳು.

"ಕಡೇಗಾಲದಲ್ಲಿ ಒಂಚೂರು ಬೆಚ್ಚಗೆ ಇರ್ತೆ ತಮಾ, ಮಾಡಿಕೊಡು" ಎಂದರು ಸೀತಮ್ಮ.

ರಘುಪತಿ ಕೂಡಲೇ ಕೈ ಹಚ್ಚಲಿಲ್ಲ. ಮೊದಲು ತೆಂಗಿನ ಸಿಪ್ಪೆ ಹೊತ್ತಿಸಿ ಗೂಡಿನೊಳಗೆ ಹಿಡಿದ. ಹೊಗೆ ಮೇಲೇರದೆ ಕೋಣೆಗೇ ತಿರುಗಿತು. ಮಾಡಿನ ಮೇಲೆ ಹತ್ತಿ ನೋಡಿದರೆ ಹೊಗೆಕೊಳವೆಯ ತುಂಬ ಹಕ್ಕಿಗೂಡು, ಒಣ ಎಲೆ. ಅದನ್ನೆಲ್ಲ ತೆಗೆಸಿ, ಹೊಗೆ ಸರಾಗ ಹೋಗುವುದನ್ನು ಕಂಡ ಮೇಲೆಯೇ ಮುಂದಿನ ಕೆಲಸ. ಸಿಲಿಂಡರನ್ನು ಮನೆಯ ಹೊರಗೆ ನೆರಳಿನಲ್ಲಿ ನಿಲ್ಲಿಸಿದ. ತಾಮ್ರದ ಕೊಳವೆಯನ್ನು ಗೋಡೆಯೊಳಗೆ ಹಾಯಿಸುವಲ್ಲಿ ಸುತ್ತ ಇನ್ನೊಂದು ಕೊಳವೆ ತೊಡಿಸಿದ. ಸೀತಮ್ಮನ ಕುರ್ಚಿಯಿಂದ ಕೈಗೆಟುಕುವಂತೆ ಗ್ಯಾಸು ಬಂದ್ ಮಾಡುವ ವಾಲ್ವ್ ಹಾಕಿದ. ಎದುರು ಗೋಡೆಯಲ್ಲಿ ಗಾಳಿಗೆಂದು ಕಿಂಡಿ ಕೊರೆದಾಗ, "ಚಳಿ ಒಳಗೆ ಬತ್ತಲಾ?" ಎಂದರು ಸೀತಮ್ಮ. "ಬರ್ಲಿ. ಗಾಳಿ ಇಲ್ದೆ ಬೆಂಕಿ ಉರಿದ್ರೆ ಮನುಷ್ಯ ಮಲಗಿದಲ್ಲೇ ಹೋಗ್ತಾ" ಎಂದ. ನರ್ಸಾಗಿದ್ದವರಿಗೆ ಮತ್ತೆ ಹೇಳಬೇಕಾಗಲಿಲ್ಲ.

ಜೋಡಣೆ ಮುಗಿಯಿತು. ಗ್ಯಾಸು ಬಿಟ್ಟು, ಸಾಬೂನಿನ ನೀರು ಹಚ್ಚಿ, ಕೊಳವೆ ಕೂಡುವ ಒಂದೊಂದು ಜಾಗವನ್ನೂ ಕಣ್ಣಿಟ್ಟು ನೋಡಿದ. ಗುಳ್ಳೆ ಏಳಲಿಲ್ಲ. ಸೀತಮ್ಮ ಶಾಲು ಸರಿಮಾಡಿಕೊಂಡು ಕುರ್ಚಿ ಮುಂದಕ್ಕೆಳೆದರು. ರಘುಪತಿ ಲೈಟರ್ ಕೈಗೆತ್ತಿಕೊಂಡ.

ತನುಜಾ ಆಗಷ್ಟೇ ನೆಲಕ್ಕೆ ಬಗ್ಗಿದ್ದಳು.

"ಹಚ್ಚಡಿ!" ಎಂದು ಕೈ ಅಡ್ಡ ಹಿಡಿದಳು.

"ಎಂತ ಆತು?"

"ವಾಸ್ನೆ ಇದ್ದು."

"ಎಲ್ಲಾ ಕಡೆ ನೋಡಿದ್ದೆ. ಗುಳ್ಳೆ ಬಂಜಿಲ್ಲೆ." ಅವನ ದನಿ ಗಡುಸಾಯಿತು. "ಎಂಗೆ ಮೂಗಿಲ್ಲೆ ಖರೆ. ಕಣ್ಣಾದ್ರೂ ಇದ್ದಲ!"

ಪರರ ಮನೆಯಲ್ಲಿ ಅವನು ಅವಳ ಮೇಲೆ ಹಾಗೆ ರೇಗಿದ್ದು ಅದೇ ಮೊದಲು. ತನಗೇ ಭ್ರಮೆಯೇನೋ ಎಂದು ತನುಜಾಗೆ ಅನ್ನಿಸಿತು. ಮತ್ತೊಮ್ಮೆ ಬಗ್ಗಿದಳು. ಸಣ್ಣಗೆ, ಆದರೆ ಇತ್ತು. ಅವನ ಕೈಯಿಂದ ಲೈಟರ್ ತೆಗೆದುಕೊಂಡಳು. "ಗಂಗಾ, ಕಿಟಕಿ ಬಾಗಿಲು ಎಲ್ಲ ತೆಗಿ. ಲೈಟಿನ ಸ್ವಿಚ್ ಮುಟ್ಟಡ. ಅತ್ತೇನ ಹೊರಗೆ ಕರ್ಕಂಡು ಹೋಗು" ಎಂದವಳೇ ಹೊರಗೆ ಓಡಿ ಸಿಲಿಂಡರಿನ ಬಾಯಿ ಬಂದ್ ಮಾಡಿದಳು.

ಕೋಣೆಗೆಲ್ಲ ಗಾಳಿಯಾಡಿದ ಮೇಲೆ ಇಬ್ಬರೂ ಒಲೆಯನ್ನು ಮಗುಚಿ, ತುಸುವೇ ಗ್ಯಾಸು ಬಿಟ್ಟು ನೋಡಿದರು. ಕೊಳವೆಯಲ್ಲಿ ತಪ್ಪಿರಲಿಲ್ಲ. ಒಲೆಯ ತಿರುಗುಣಿಯ ಅಡಿಯಲ್ಲಿ, ತಯಾರಾಗುವಾಗಲೇ ಕೂಡಿಸಿ ಕಳಿಸಿದ ಜಾಗದಲ್ಲಿ, ವಾಷರ್ ಸರಿದು ಕೂತಿತ್ತು. ಅಲ್ಲಿ ಸಾಬೂನು ಹಚ್ಚಬೇಕೆಂದು ರಘುಪತಿಗೆ ಹೊಳೆದಿರಲಿಲ್ಲ. ಈಗ ಹಚ್ಚಿದರೆ ಸಾಸಿವೆಯಂಥ ಗುಳ್ಳೆಗಳು ಒಂದರ ಹಿಂದೊಂದು ಎದ್ದವು.

ಅವನು ಸಾಬೂನು ಒರೆಸಿ, ಸಿಲಿಂಡರ್ ಬಂದ್ ಮಾಡಿ ಬಂದ. ತನುಜಾ ಸಾಮಾನು ಜೋಡಿಸತೊಡಗಿದಳು. ಸೀತಮ್ಮನ ಎದುರು ಅವನೇ ಹೋಗಿ ನಿಂತ. "ಇದು ಬದಲಾಗಿ ಬಪ್ಪಲ್ಲಿವರೆಗೆ ಹಚ್ಚಲಾಗ. ನಿಂಗಕ್ಕೆ ಚಳಿಯಾಗ್ತು, ಗೊತ್ತಿದ್ದು. ಆದ್ರೂ ಹಚ್ಚಲಾಗ."

"ಇಷ್ಟು ವರ್ಷ ತಡಕಂಡಿದ್ದೆ, ಇನ್ನೊಂಚೂರು ತಡಕತ್ತೆ" ಎಂದರು ಸೀತಮ್ಮ. ತನುಜಾಳ ಕೈ ಹಿಡಿದುಕೊಂಡು ಕೆಲಹೊತ್ತು ಬಿಡಲಿಲ್ಲ.

ಮನೆಗೆ ಬರುವ ದಾರಿಯಲ್ಲಿ, ಶಿರಸಿ ಹತ್ತಿರ ಬಂದಾಗ ರಘುಪತಿ ಬೈಕು ನಿಲ್ಲಿಸಿ, ತಿರುಗದೆಯೇ ಹೇಳಿದ: "ಇನ್ನು ಮೇಲೆ ಮೊದಲ ಬೆಂಕಿ ನೀನೇ ಹಚ್ಚು. ನೀ ಬ್ಯಾಡ ಅಂದ್ರೆ ಬ್ಯಾಡ." ಅವಳು ಅವನ ಭುಜದ ಮೇಲೆ ಕೈಯಿಟ್ಟಳು, ಅಷ್ಟೆ.

ಬೇರೆ ಒಲೆ ಬಂತು. ಹೊಸದೆಂದು ಬಿಡದೆ ಅದರ ಅಡಿಗೂ ಸಾಬೂನು ಹಚ್ಚಿ, ಮೂಸಿ, ತನುಜಾ ಬೆಂಕಿ ಮುಟ್ಟಿಸಿದಳು. ನೀಲಿ ಉರಿ ಸದ್ದಿಲ್ಲದೆ ಹಬ್ಬಿತು. ಸೀತಮ್ಮ ಎರಡೂ ಅಂಗೈ ಚಾಚಿ ಕಣ್ಣು ಮುಚ್ಚಿಕೊಂಡರು.

ಆ ಚಳಿಗಾಲವನ್ನೂ ಮರುವರ್ಷದ್ದನ್ನೂ ಅವರು ಅಲ್ಲಿಯೇ ಕೂತು ಕಳೆದರು. ಯುಗಾದಿಯ ಹೊತ್ತಿಗೆ, ಉಬ್ಬಸ ಹೆಚ್ಚಾಗಿ, ತೀರಿಕೊಂಡರು. ಹದಿಮೂರನೆಯ ದಿನದ ಊಟ ಮುಗಿದ ಮೇಲೆ ಗಂಗಾ ತನುಜಾಗೆ ಫೋನ್ ಮಾಡಿದಳು. ತನಗೆ ಶಿರಸಿಗೆ ವರ್ಗವಾಗಿದೆ, ಮನೆ ಮುಚ್ಚಬೇಕು, ಗ್ಯಾಸನ್ನು ಹಾಗೇ ಬಿಟ್ಟು ಹೋಗಲು ಧೈರ್ಯವಿಲ್ಲ ಎಂದಳು.

ಇಬ್ಬರೂ ಹೋದರು. ತನುಜಾ ಸಿಲಿಂಡರ್ ಬಿಡಿಸಿದಳು, ಒಲೆ ಹೊರಗೆ ತೆಗೆದಳು, ಗೋಡೆಯಿಂದ ಚಾಚಿದ ಕೊಳವೆಯ ಬಾಯಿಗೆ ಹಿತ್ತಾಳೆಯ ಮುಚ್ಚಳ ತಿರುಪಿ ಬಿಗಿ ಮಾಡಿದಳು. ಗಂಗಾ ಕುರ್ಚಿಯ ಹಿಂದೆ ನಿಂತು ಅಳುತ್ತಿದ್ದಳು. ಯಾರೂ ಅವಳನ್ನು ಸಮಾಧಾನಪಡಿಸಲು ಹೋಗಲಿಲ್ಲ, ಅಳಲು ಬಿಟ್ಟರು.

ಹೊರಗೆ ಬಂದು ಬೈಕಿಗೆ ಸಾಮಾನಿನ ಚೀಲ ಕಟ್ಟುತ್ತ ರಘುಪತಿ ಕೇಳಿದ: "ಕೋಣೇಲಿ ಎಂತ ವಾಸ್ನೆ ಇದ್ದಿತ್ತು?"

"ಕರ್ಪೂರದ್ದು. ಮತ್ತೆ ಅವರು ಎದೆಗೆ ತಿಕ್ಕತ ಇದ್ದಿದ್ದ ಎಣ್ಣೇದು. ಶಾಲು ಇನ್ನೂ ಕುರ್ಚಿ ಮೇಲೇ ಇದ್ದು."

ರಘುಪತಿ ತಲೆಯಾಡಿಸಿದ. ಅವಳು ಹತ್ತಿ ಕೂರುವವರೆಗೆ ಕಾದು, ಬೈಕು ಶುರು ಮಾಡಿದ.